ಕಪ್ಪಾದ ಗಂಟು

ಬೆಳಿಗ್ಗೆ ಹನ್ನೊಂದೂಕಾಲಿಗೆ ಸಾಗರದ ಚರ್ಮದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ವಿನಯಾ ಲೇಸರ್ ಯಂತ್ರವನ್ನು ಬಳಸದೆಯೇ ಆಫ್ ಮಾಡಿದರು. ನಿಟ್ಟೂರಿನ ಗುತ್ಯಮ್ಮ ಮಂಚದ ಮೇಲೆ ಕತ್ತು ಹೊರಳಿಸಿ ಮಲಗಿದ್ದಳು. ಕತ್ತಿನ ಗಂಟು ಇದ್ದಲ್ಲೇ ಇತ್ತು.

"ಇವತ್ತು ಸುಡೋದು ಬೇಡ ಅಮ್ಮ. ಕತ್ತರಿಸಿ, ತುಂಡನ್ನ ಶಿವಮೊಗ್ಗಕ್ಕೆ ಪರೀಕ್ಷೆಗೆ ಕಳಿಸೋಣ," ಎಂದರು ವಿನಯಾ.

ಗುತ್ಯಮ್ಮನಿಗೆ ಅನುಮಾನ ಬಂತು. ಹೋದ ತಿಂಗಳು ಇದೇ ಡಾಕ್ಟರಮ್ಮ 'ಬರೀ ನರೂಲಿ' ಎಂದು ನಕ್ಕಿದ್ದರು. ಈಗ ಭೂತಗನ್ನಡಿ ಹಿಡಿದು ನೋಡುತ್ತಾರೆ, ನರ್ಸಿಗೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತಾರೆ, ನಗುವುದಿಲ್ಲ. ಅಕ್ಕ ಮೂಕಮ್ಮನಿಗೆ ಗಂಟಾದಾಗಲೂ ಆಸ್ಪತ್ರೆಯವರು ಮೊದಲು 'ಏನಿಲ್ಲ' ಎಂದೇ ಹೇಳಿದ್ದರು. ಆಮೇಲೆ ತುಂಡು ಕತ್ತರಿಸಿ ಕಳಿಸಿ, ಕ್ಯಾನ್ಸರ್ ಎಂದರು. ಅಕ್ಕ ಆ ವರ್ಷ ದಾಟಲಿಲ್ಲ.

"ಕತ್ತರಿಸಿದ್ರೆ ಹಬ್ಬತ್ತಂತೆ. ಲೇಸರ್ರೇ ಮಾಡಿ, ಇಲ್ಲಾಂದ್ರೆ ಊರಿನ ಬಸ್ ಹತ್ತಿಸಿ," ಎಂದಳು.

"ಸುಟ್ರೆ ಪರೀಕ್ಷೆಗೆ ಚೂರೂ ಉಳಿಯಲ್ಲ. ಹೋದ ಸಲ ಇದು ಮೈಬಣ್ಣಕ್ಕಿತ್ತು. ಈಗ ಕಪ್ಪಾಗಿದೆ, ಅಂಚು ಒಡೆದಿದೆ. ಏನಾದ್ರೂ ಹಚ್ಚಿದ್ರಾ?"

"ಎಂತದೂ ಇಲ್ಲ."

ಪಕ್ಕದಲ್ಲಿದ್ದ ಸೊಸೆ ಪ್ರತಿಮಾ ಬಗ್ಗಿ ಮೂಸಿದಳು. "ಅತ್ತೆ, ಚೊಗರಿನ ವಾಸನೆ! ಗಂಟಿಗೂ ಬಣ್ಣ ಹಾಕಿದ್ರಾ? ಅಡಿಕೆ ಅಂದ್ಕೊಂಡ್ರಾ?"

ನರ್ಸು ಮುಖ ತಿರುಗಿಸಿ ನಕ್ಕಳು. ಬೇಯಿಸಿದ ಅಡಿಕೆಗೆ ಬಣ್ಣ ಕೊಡುವ ಆ ಒಗರು ದ್ರವ ಗಂಟನ್ನು ಒಣಗಿಸಿ ಉದುರಿಸುತ್ತದೆಂದು ನಂಬಿ, ಗುತ್ಯಮ್ಮ ಹಂಡೆಯ ತಳದ ಗಸಿಯನ್ನೇ ದಿನಾ ಬಳಿದುಕೊಂಡಿದ್ದಳು. ಉಗುರಿನಲ್ಲಿ ಕೆರೆದೂ ಇದ್ದಳು.

"ನೀನೊಬ್ಳು ಸಾಕು, ಮನೆ ಮಾನ ಕಳಿಯಕ್ಕೆ," ಎಂದು ಸೊಸೆಯನ್ನು ಗದರಿದಳು. ಆದರೂ ಒಳಗೊಳಗೇ ಗೆಲುವಾದಳು. "ಬರೀ ಬಣ್ಣ ಡಾಕ್ಟ್ರಮ್ಮ, ಒರೆಸಿ ನೋಡಿ."

ವಿನಯಾ ಸ್ಪಿರಿಟ್ಟಿನಲ್ಲಿ ಒರೆಸಿದರು. ಹತ್ತಿ ಕೆಂಪಾಯಿತು, ಗಂಟು ಕಪ್ಪಾಗಿಯೇ ಉಳಿಯಿತು.

"ಬಣ್ಣವೇ ಇರಬಹುದು. ಇರಬಹುದು ಅಂತ ಸುಡೋಕಾಗಲ್ಲ ಅಮ್ಮ."

ಗುತ್ಯಮ್ಮ ಡಾಕ್ಟರ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಸೊಸೆ ಕಣ್ಣು ತಪ್ಪಿಸಿದಳು. ಇಬ್ಬರೂ ಏನನ್ನೋ ಮುಚ್ಚಿಡುತ್ತಿದ್ದಾರೆ ಎನ್ನಿಸಿತು.

"ಆಯ್ತು, ಕತ್ತರಿಸಿ. ರಿಪೋರ್ಟು ಬಂದ್ರೆ ಇವ್ಳ ಕೈಗೆ ಕೊಡ್ಬೇಡಿ. ನನ್ನೆದ್ರಿಗೇ ಓದಿ. ಕನ್ನಡದಲ್ಲಿ," ಎಂದು ಮತ್ತೆ ಕತ್ತು ಹೊರಳಿಸಿದಳು.

ಅಂದೇ ಗಂಟನ್ನು ಕತ್ತರಿಸಿ ಹೊಲಿಗೆ ಹಾಕಿದರು. ಮುಂದಿನ ಗುರುವಾರ ವಿನಯಾ ವರದಿಯನ್ನು ಅವಳೆದುರೇ ಓದಿದರು: ಅಪಾಯವಿಲ್ಲದ ಸಾಧಾರಣ ಗಂಟು.