ಯೂರಿಕ್ ಕೈ ಬೀಸಿದ್ದು

ಪ್ರವಾಸಿಗರಿಗೆ ಬಿಳಿ ಶಾರ್ಕ್ ತೋರಿಸುವ ದೋಣಿಯಲ್ಲಿ ಮಗ್ರೀಟಾ ಎರಡು ವರ್ಷ, ಶಾರ್ಕ್‌ಗಳನ್ನು ಸೆಳೆಯಲು ನೀರಿಗೆ ಸುರಿಯುವ ಮೀನಿನ ಕರುಳು ಕಲೆಸಿದಳು. ದೋಣಿ ನಡೆಸುವ ತಂಡೇಲ ಲೌರೆನ್ಸ್ ಅವಳನ್ನು ತಂಗಿ ಎಂದೇ ಕರೆಯುತ್ತಿದ್ದ. ಗಂಡ ಸತ್ತ ಹೆಂಗಸಿಗೆ ಕೆಲಸ ಕೊಟ್ಟ ಪುಣ್ಯಾತ್ಮ ಎಂದು ಕಡಲತಡಿಯ ಆ ಊರು ಕ್ಲೈನ್‌ಬಾಯ್‌ನ ಜನ ಅವನನ್ನು ಹೊಗಳುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಅವಳ ಗಂಡ ಯೂರಿಕ್ ಇದೇ ಲೌರೆನ್ಸನ ಜೊತೆ ಡೈಯರ್ ದ್ವೀಪದ ಬಳಿ ಕದ್ದು, ಒಳ್ಳೆ ಬೆಲೆ ಬರುವ ಪರ್ಲಮೂನ್ ಎಂಬ ಚಿಪ್ಪುಮೀನು ಕೀಳಲು ಹೋಗಿದ್ದ. ಮುಳುಗಿದವನು ಮೇಲೆ ಬರಲೇ ಇಲ್ಲ, ಶಾರ್ಕ್ ಒಯ್ದಿತು ಎಂದು ಲೌರೆನ್ಸ್ ಬಂದು ಅತ್ತಿದ್ದ. ದಡಕ್ಕೆ ಸಿಕ್ಕಿದ್ದು ಈಜಲು ಅವನು ಕಾಲಿಗೆ ಕಟ್ಟಿದ್ದ ಒಂದು ರಬ್ಬರ್ ರೆಕ್ಕೆ ಮಾತ್ರ. ಎರಡು ವರ್ಷ ಕಳೆದ ಮೇಲೆ, ಆವತ್ತು ಅವರಿಬ್ಬರ ಜೊತೆ ಹೋಗಿದ್ದ ಮುದುಕ ಆಪೋಲ್ಸ್ ಚರ್ಚಿನ ಗೋಡೆಗೊರಗಿ ಅವಳಿಗೆ ನಿಜ ಹೇಳಿದ. ಮಾರನೆಯ ದಿನವೇ ಅವಳು ಲೌರೆನ್ಸನ ಬಾಗಿಲು ತಟ್ಟಿ ಕೆಲಸ ಕೇಳಿದಳು.

ಅವನನ್ನು ನೀರಿಗೆ ತಳ್ಳುವುದು ಸುಲಭವಿತ್ತು. ಬೇಕಾದಷ್ಟು ಸಲ ಅವನು ಕಟಕಟೆಗೆ ಬೆನ್ನು ಕೊಟ್ಟು ಅವಳೆದುರೇ ನಿಂತಿದ್ದ. ಆದರೆ ಅವನ ಬಾಯಿಂದಲೇ ಊರು ಅದನ್ನು ಕೇಳಬೇಕಿತ್ತು.

ಪ್ರವಾಸಿಗರ ಕಾಲ ಮುಗಿದಾಗ ಕೆಲಸದವರ ಮನೆಮಂದಿಯನ್ನು ಒಂದು ದಿನ ಪುಕ್ಕಟೆ ಕರೆದೊಯ್ಯುವ ರೂಢಿ. ಈ ಸಲ ಮಗ್ರೀಟಾ ಅತ್ತೆಯನ್ನೂ, ಯೂರಿಕ್‌ನ ತಾಯಿಯನ್ನು, ಕರೆತಂದಿದ್ದಳು. ಒಳಗೆ ನಿಂತು ಶಾರ್ಕ್ ನೋಡುವ ಕಬ್ಬಿಣದ ಪಂಜರವನ್ನು ದೋಣಿಯ ಮಗ್ಗುಲಿಗೆ ಕಟ್ಟಿ ನೀರಿಗಿಳಿಸಿದ ಮೇಲೂ ಯಾರೂ ಇಳಿಯಲು ಮುಂದಾಗಲಿಲ್ಲ.

"ತಂಡೇಲರೇ, ನೂರು ಸಲ ಇಳಿದಿದೀನಿ ಅಂತ ಪ್ರವಾಸಿಗರ ಹತ್ರ ದಿನಾ ಹೇಳ್ತೀರಲ್ಲ," ಅಂದಳು ಮಗ್ರೀಟಾ. "ನಮ್ಮೋರು ಒಬ್ರೂ ನೋಡಿಲ್ಲಪ್ಪ."

"ಹೊಟ್ಟೆ ಹಿಡಿಸಲ್ವೇನೋ ಪಂಜರದೊಳಗೆ," ಎಂದು ಯಾರೋ ನಕ್ಕರು. ತನ್ನ ಹೆಂಡತಿಯೂ ನಕ್ಕಾಗ ಲೌರೆನ್ಸ್ ರಬ್ಬರಿನ ಅಂಗಿ ತೊಟ್ಟು ಇಳಿದ.

ತಲೆ ನೀರಿನ ಮೇಲಿರುವಂತೆ ಅವನು ಸರಳು ಹಿಡಿದು ನಿಂತ. ಮಗ್ರೀಟಾ ಮುಚ್ಚಳ ಹಾಕಿ, ಕೊಂಡಿ ಸಿಕ್ಕಿಸಿ, ಅದರ ಮೇಲೆ ಕೂತಳು. ಅದೇ ದೋಣಿಯಲ್ಲಿ ಕೆಲಸಕ್ಕಿದ್ದ ಆಪೋಲ್ಸ್, ಮೀನಿನ ತಲೆ ಕಟ್ಟಿದ ಹಗ್ಗವನ್ನು ಪಂಜರದತ್ತ ಎಳೆದ. ಆಳದಿಂದ ಬೂದು ಬಣ್ಣದ ಬೆನ್ನೊಂದು ಎದ್ದುಬಂತು. ಪಂಜರ ಒಮ್ಮೆ ಢಣ್ಣೆಂದಿತು.

"ಸಾಕು, ತೆಗಿ ತಂಗಿ."

"ಆವತ್ತು ಯೂರಿಕ್ ಮೇಲೆ ಬಂದಿದ್ನಾ?"

ಲೌರೆನ್ಸ್ ಕೆಳಗಿನಿಂದ ಮುಚ್ಚಳ ತಳ್ಳಿದ. "ಏನ್ ಮಾತಿದು? ತೆಗಿಯೇ."

"ಕೈ ಬೀಸಿದ್ನಾ ಇಲ್ವಾ?"

ಲೌರೆನ್ಸನ ಭಾವಮೈದುನ ಅವಳ ತೋಳು ಹಿಡಿದೆಳೆಯಲು ಬಂದ. ಅತ್ತೆ ತನ್ನ ಊರುಗೋಲನ್ನು ಅವನಿಗೆ ಅಡ್ಡ ಹಿಡಿದಳು. "ಅವಳನ್ನ ಮುಟ್ಟಿದ್ರೆ ನೋಡು. ಅವನು ಉತ್ತರ ಹೇಳ್ಲಿ."

ಶಾರ್ಕ್ ಮತ್ತೆ ತಿರುಗಿತು. ಈ ಸಲ ಬಾಯಿ ತೆರೆದೇ ಬಂದು ಅವನ ಎದೆಯ ಮಟ್ಟದ ಸರಳನ್ನು ಕಚ್ಚಿ ಅಲುಗಿಸಿತು. ಸರಳು ಮುರಿಯುವುದಿಲ್ಲವೆಂದು ಬೇರೆಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಲೌರೆನ್ಸ್. ಆದರೂ ಅವನು ಮಗುವಿನ ಹಾಗೆ ಕಿರುಚಿದ.

"ಬೀಸಿದ! ಬೀಸಿದ ಕಣೇ. ಪಹರೆ ದೋಣಿ ಬರ್ತಿತ್ತು. ನಮ್ಹತ್ರ ಒಂಬತ್ತು ಚೀಲ ಚಿಪ್ಪಿತ್ತು. ನಿಂತಿದ್ರೆ ಎಲ್ರೂ ಜೈಲಿಗೇ."

"ಶಾರ್ಕ್ ಬಂದಿತ್ತಾ ಆಗ?"

ಅವನು ಸರಳಿಗೆ ಹಣೆ ಒತ್ತಿದ. "ಇನ್ನೂ ಬಂದಿರ್ಲಿಲ್ಲ."

ಲೌರೆನ್ಸನ ಹೆಂಡತಿ ಅಲ್ಲೇ ಕೂತುಬಿಟ್ಟಳು. ಆಪೋಲ್ಸ್ ಹಗ್ಗ ಕೆಳಗಿಟ್ಟು, "ನಾನೂ ಅಲ್ಲೇ ಇದ್ದೆ. ಸುಮ್ನಿದ್ದೆ," ಎಂದು ಅತ್ತೆಯ ಕಾಲ ಬಳಿ ಕುಸಿದ. ಅವಳು ಅವನತ್ತ ನೋಡಲೂ ಇಲ್ಲ.

ಮಗ್ರೀಟಾ ಕೊಂಡಿಯ ಮೇಲೆ ಕೈಯಿಟ್ಟು ಇನ್ನಷ್ಟು ಹೊತ್ತು ಕೂತೇ ಇದ್ದಳು. ಶಾರ್ಕ್ ಮೂರನೆಯ ಸಲ ಪಂಜರ ಸುತ್ತಿ ಹೋಯಿತು. ಆಮೇಲೆ ಎದ್ದು ಮುಚ್ಚಳ ತೆಗೆದಳು. ಅವನನ್ನು ಮೇಲೆತ್ತಲು ಒಬ್ಬನೂ ಕೈ ಚಾಚಲಿಲ್ಲ.

ವಾರದೊಳಗೆ ದೋಣಿಯ ಯಜಮಾನ ಅವನನ್ನು ಕೆಲಸದಿಂದ ಬಿಡಿಸಿದ. ಪೊಲೀಸರು ಆಪೋಲ್ಸನ ಹೇಳಿಕೆ ಬರೆದುಕೊಂಡರು, ಮುಂದೇನೂ ಆಗಲಿಲ್ಲ. ಹೆಂಡತಿ ತವರಿಗೆ ಹೋದಳು. ಬೇರೆ ಊರಲ್ಲಿ ಗತಿಯಿಲ್ಲದೆ ಲೌರೆನ್ಸ್ ಅಲ್ಲೇ ಉಳಿದ.

"ಅಲ್ಲೇ ಮುಗಿಸ್ಬಿಡಬೇಕಿತ್ತು," ಎಂದಳು ಅತ್ತೆ ಒಂದು ದಿನ.

"ಯಾಕೆ ಅತ್ತೆ?" ಅಂದಳು ಮಗ್ರೀಟಾ. "ಅಂಗಡಿಯಿಂದ ಬ್ರೆಡ್ ತರೋಕೆ ಅವನು ದಿನಾ ನಮ್ಮ ಬಾಗಿಲ ಮುಂದೇ ಹಾದುಹೋಗ್ಬೇಕು. ಇನ್ನೂ ಐವತ್ತೇ ಅವನಿಗೆ. ನೂರು ವರ್ಷ ಬಾಳ್ಲಿ."