ಭಾನುವಾರದ ತಪ್ಪುಗಳು

ಶಿವಮೊಗ್ಗದ ಕೇಬಲ್ ಚಾನೆಲ್ಲೊಂದರಲ್ಲಿ ದಿವ್ಯಶ್ರೀ ವಾರಕ್ಕೊಮ್ಮೆ ಅರ್ಧ ಗಂಟೆ ಮಾತಾಡುತ್ತಿದ್ದಳು. ನಾಡಿನ ಚರಿತ್ರೆ, ಹೊಸ ಪುಸ್ತಕ, ಹಳೆಯ ರಾಜಕೀಯ, ಇವೇ ಅವಳ ಸರಕು. ಶುಕ್ರವಾರ ಚಿತ್ರೀಕರಿಸಿದ್ದು ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಅಂದರೆ ಊರಿನ ಅರ್ಧ ಜನ ಮದುವೆಮನೆಯಲ್ಲೂ ಉಳಿದರ್ಧ ಹಾಸಿಗೆಯಲ್ಲೂ ಇರುವ ಹೊತ್ತಿಗೆ ಬರುತ್ತಿತ್ತು. ನಾಲ್ಕು ವರ್ಷ ಅದು ನಡೆದುಕೊಂಡು ಬಂದದ್ದೇ ಪವಾಡ.

ಮಾಲೀಕರಾದ ಜಯಕುಮಾರ್ ಪವಾಡಗಳನ್ನು ನಂಬುವವರಲ್ಲ. "ನೋಡೋರು ಯಾರಿದ್ದಾರೆ ಹೇಳಮ್ಮ? ನಮ್ಮನೇಲೇ ನೋಡಲ್ಲ. ಮುಂದಿನ ವಾರದಿಂದ ಆ ಟೈಮಿಗೆ ಸಿನಿಮಾ ಹಾಡು ಹಾಕ್ತೀನಿ," ಎಂದರು ಒಂದು ಗುರುವಾರ.

ವಾರದ ಉಳಿದ ದಿನ ದಿವ್ಯಶ್ರೀ ಓದುತ್ತಿದ್ದದ್ದು ಕರೆಂಟು ಹೋಗುವ ಏರಿಯಾಗಳ ಪಟ್ಟಿ, ನೀರು ಬಾರದ ವಾರ್ಡುಗಳ ಪಟ್ಟಿ. ಈ ಅರ್ಧ ಗಂಟೆಯೂ ಕೈಬಿಟ್ಟರೆ ಅವಳ ಪಾಲಿಗೆ ಉಳಿಯುವುದು ಅಷ್ಟೇ.

"ಭಾನುವಾರ ನನ್ನ ಜೊತೆ ಭದ್ರಾವತಿಗೆ ಬನ್ನಿ ಸರ್. ನೋಡೋರನ್ನ ತೋರಿಸ್ತೀನಿ," ಎಂದುಬಿಟ್ಟಳು.

ನೋಡುವವರು ಅಂತ ಅವಳಿಗೆ ಗೊತ್ತಿದ್ದದ್ದು ಒಬ್ಬರೇ, ಪುಟ್ಟಪ್ಪ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮುಖ ಕಂಡಿರಲಿಲ್ಲ, ದನಿಯಷ್ಟೇ ಪರಿಚಯ. ಕಾರ್ಯಕ್ರಮ ಬಂದ ದಿನ ಅವರ ವಾಯ್ಸ್ ಮೆಸೇಜು ಅವಳ ಮೊಬೈಲಿಗೆ ಬಂದು ಬೀಳುತ್ತಿತ್ತು. "ಅಲ್ಲ ಮಾರಾಯ್ತಿ, ಐವತ್ತಾರರಲ್ಲೇ ಕರ್ನಾಟಕ ಅಂತ ಹೆಸರಿಟ್ರು ಅಂದ್ಯಲ್ಲ! ಐವತ್ತಾರರಲ್ಲಿ ಒಂದಾಗಿದ್ದು, ಹೆಸರು ಬಂದಿದ್ದು ಎಪ್ಪತ್ಮೂರರಲ್ಲಿ. ನೀನು ಪುಸ್ತಕ ಓದ್ತೀಯೋ, ತಲೆದಿಂಬು ಮಾಡ್ಕೋತೀಯೋ?" ಹೊಗಳಿಕೆ ಅವರ ನಾಲಗೆಗೆ ಆಗಿಬರುತ್ತಿರಲಿಲ್ಲ. ಮೊದಮೊದಲು ಸಿಟ್ಟಿನಿಂದ ಅಳಿಸಿಹಾಕುತ್ತಿದ್ದವಳು ಬರಬರುತ್ತ ಆ ಬೈಗುಳಕ್ಕೇ ಕಾಯತೊಡಗಿದ್ದಳು.

ಎಲ್ಲಿ ಕೂತು ನೋಡುತ್ತೀರಿ ಎಂದು ಕೇಳಿದ್ದಕ್ಕೆ "ಹಳೇನಗರ, ಸತೀಶನ ಸಲೂನು" ಎಂಬ ಉತ್ತರ ಬಂತು. ಯಾಕೆ ಕೇಳಿದೆ ಎಂದು ಅವಳು ಹೇಳಲಿಲ್ಲ. ಈ ಸಲ ಮಾತ್ರ ಒಂದಕ್ಷರ ತಪ್ಪಬಾರದೆಂದು ಕೆಳದಿ ಅರಸರ ಕಥೆಯನ್ನು ಮೂರು ಸಲ ಓದಿ, ಟಿಪ್ಪಣಿ ಮಾಡಿಕೊಂಡು ಕ್ಯಾಮೆರಾ ಮುಂದೆ ಕೂತಳು.

ಭಾನುವಾರ ಜಯಕುಮಾರರ ಕಾರು ಮಾಚೇನಹಳ್ಳಿ ದಾಟುವವರೆಗೂ ಅವರ ಗೊಣಗಾಟ ನಿಲ್ಲಲಿಲ್ಲ. ಸಲೂನು ತಲುಪುವಷ್ಟರಲ್ಲಿ ಕಾರ್ಯಕ್ರಮ ಅರ್ಧ ಮುಗಿದಿತ್ತು. ಎರಡು ಕುರ್ಚಿಯ ಅಂಗಡಿಯಲ್ಲಿ ಹನ್ನೆರಡು ಜನ! ಕ್ಷೌರ ಯಾರಿಗೂ ನಡೆಯುತ್ತಿಲ್ಲ. ಒಬ್ಬನ ಕೆನ್ನೆಯ ಮೇಲೆ ಸೋಪಿನ ನೊರೆ ಒಣಗುತ್ತಿತ್ತು, ಕತ್ತಿ ಹಿಡಿದ ಸತೀಶ ಟಿವಿಯಿಂದ ಕಣ್ಣು ಕೀಳಲಿಲ್ಲ. ಬಾಗಿಲಲ್ಲಿ ನಿಂತ ಇಬ್ಬರತ್ತ ಯಾರೂ ತಿರುಗಲಿಲ್ಲ.

"ನಾಯಕರು ರಾಜಧಾನಿಯನ್ನು ಕೆಳದಿಯಿಂದ ನೇರವಾಗಿ ಬಿದನೂರಿಗೆ ಸಾಗಿಸಿದರು," ಎಂದಳು ಟಿವಿಯೊಳಗಿನ ದಿವ್ಯಶ್ರೀ.

"ಅಯ್ಯಯ್ಯೋ! ನಡುವಿನ ಇಕ್ಕೇರಿ ನುಂಗಿ ನೀರು ಕುಡಿದ್ಲು!" ಬೆಂಚಿನ ಮೇಲಿದ್ದ ಮುದುಕರು ಕೂಗಿದರು. ಪುಟ್ಟಪ್ಪನವರ ದನಿ, ಅನುಮಾನವೇ ಇಲ್ಲ. ಸಲೂನಿಗೆ ಸಲೂನೇ ಕೇಕೆ ಹಾಕಿತು. ಸತೀಶ ಓಡಿಹೋಗಿ ಕ್ಯಾಲೆಂಡರಿನ ಮೇಲೊಂದು ಗೀಟು ಎಳೆದ. ಅಲ್ಲಿ ಎಲ್ಲರ ಹೆಸರು, ಹೆಸರಿನ ಮುಂದೆ ಈ ವಾರ ಎಷ್ಟು ತಪ್ಪು ಬರುತ್ತದೆಂಬ ಅಂದಾಜು. ಸರಿಯಾಗಿ ಹೇಳಿದವನಿಗೆ ಉಳಿದವರು ಚಹಾ ಕುಡಿಸಬೇಕು.

"ಒಂದೇ ಅಂತ ನಾನು ಹೇಳಿದ್ನಲ್ಲ!" ಎಂದ ಸೋಪಿನ ಮುಖದವನು.

ದಿವ್ಯಶ್ರೀಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಟಿಪ್ಪಣಿಯಲ್ಲಿ ಇಕ್ಕೇರಿ ಇತ್ತು, ಎರಡು ಹಾಳೆ ಒಟ್ಟಿಗೆ ಮಗುಚಿರಬೇಕು. ಅದೂ ಮಾಲೀಕರ ಎದುರಿಗೇ. ಅವರ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಅಷ್ಟರಲ್ಲಿ ಪುಟ್ಟಪ್ಪ ಮೊಬೈಲಿಗೆ ಬಾಯಿ ಹಚ್ಚಿ ಬೈದು ಮುಗಿಸಿದರು. ಬಾಗಿಲಲ್ಲಿ ಅವಳ ಬ್ಯಾಗು ಟಿಣ್ ಎಂದಿತು. ಹನ್ನೆರಡು ತಲೆಗಳೂ ಒಟ್ಟಿಗೆ ತಿರುಗಿದವು.

"ನೀನಾ ತಾಯಿ?" ಮುದುಕರು ತಡಬಡಿಸಿ ಎದ್ದರು.

"ನಾನು ತಪ್ಪು ಹೇಳ್ತೀನಿ ಅಂತಲೇ ನೋಡ್ತೀರಾ ಅಜ್ಜ?" ದಿವ್ಯಶ್ರೀ ಒಳಗೆ ಬಂದಳು.

"ಮತ್ತೆ? ತಪ್ಪು ಹಿಡೀಬೇಕಾದ್ರೆ ಸರಿ ಯಾವ್ದು ಅಂತ ನಮಗೆ ಗೊತ್ತಿರ್ಬೇಡ್ವಾ?" ಅವರು ಕನ್ನಡಿಯ ಕೆಳಗಿನ ಹಲಗೆ ತೋರಿಸಿದರು. ಪೌಡರ್ ಡಬ್ಬಿ, ಬಾಚಣಿಗೆಗಳ ಪಕ್ಕದಲ್ಲಿ ಲೈಬ್ರರಿಯ ಪುಸ್ತಕಗಳು, ಪುಟಗಳ ನಡುವೆ ಬಸ್ ಟಿಕೆಟ್ಟಿನ ಗುರುತು. "ಈ ಸತೀಶ ಸ್ಕೂಲು ಬಿಟ್ಮೇಲೆ ಪುಸ್ತಕ ಮುಟ್ಟಿರ್ಲಿಲ್ಲ, ಈಗ ನನ್ನ ಹತ್ರಾನೇ ವಾದಕ್ಕೆ ಬರ್ತಾನೆ. ಫ್ಯಾಕ್ಟರಿ ಬಿಟ್ಮೇಲೆ ನಂಗೂ ಹೊತ್ತು ಹೋಗ್ತಿರ್ಲಿಲ್ಲ. ನಿನ್ನ ದೆಸೆಯಿಂದ ಮನುಷ್ಯರಾದ್ವಿ ಮಾರಾಯ್ತಿ. ಬೈಯೋಕೆ ಬಾಯಿ ಬರ್ತಿತ್ತು, ಇದನ್ನ ಹೇಳೋಕೆ ಬರ್ತಿರ್ಲಿಲ್ಲ."

"ನಂಗೂ ಹೇಳಕ್ಕೆ ಆಗಿರ್ಲಿಲ್ಲ ಅಜ್ಜ," ಎಂದಳು ದಿವ್ಯಶ್ರೀ, ಕಣ್ಣೊರೆಸಿಕೊಳ್ಳುತ್ತ. "ನೀವು ಕೇಳಿಸ್ಕೋತೀರಿ ಅಂತಲೇ ನಾನು ಓದಿದ್ದು." ನಾಲ್ಕು ವರ್ಷ ಒಬ್ಬರಿಗಷ್ಟೇ ಮಾತಾಡುತ್ತಿದ್ದೇನೆಂದುಕೊಂಡಿದ್ದವಳಿಗೆ ಆ ಹನ್ನೆರಡು ಮುಖಗಳ ಮೇಲೆ ಹೇಳಲಾರದಷ್ಟು ಪ್ರೀತಿ ಉಕ್ಕಿತು. ಎಲ್ಲರಿಗೂ ಕೈಮುಗಿದಳು.

ಇಷ್ಟು ಹೊತ್ತು ಕ್ಯಾಲೆಂಡರನ್ನೇ ದಿಟ್ಟಿಸುತ್ತಿದ್ದ ಜಯಕುಮಾರ್ ಯಾರೋ ಎದ್ದು ಬಿಟ್ಟುಕೊಟ್ಟ ಇನ್ನೊಂದು ಕುರ್ಚಿಯಲ್ಲಿ ಕೂತು ಗಡ್ಡ ಸವರಿಕೊಂಡರು.

"ಶೇವಿಂಗ್ ಮಾಡಪ್ಪ ಸತೀಶ. ಹಾಗೇ ಮುಂದಿನ ಭಾನುವಾರಕ್ಕೆ ನನ್ನ ಹೆಸರು ಬರ್ಕೋ. ನಂದು ಮೂರು."