ಟಾರ್ಪಾಲು ಹೊದ್ದ ವ್ಯಾನು

ಗಂಡನ ಕೂಗಾಟ ಕೇಳಿ ಕೇಳಿ ಆಕೆಯ ತಲೆ ಚಿಟ್ಟು ಹಿಡಿದಿತ್ತು. ಮನೆಯಂತೆ ಮಾಡಿಸಿಕೊಂಡ ವ್ಯಾನನ್ನು ಬಯಲಲ್ಲಿ ನಿಲ್ಲಿಸಿದ ಕೂಡಲೇ ಆತ ಬಿಸಿಲು ತಾಗದಿರಲೆಂದು ಚಾವಣಿಗೆಲ್ಲ ದಪ್ಪ ಟಾರ್ಪಾಲು ಹೊದಿಸಿ ಬಿಗಿದಿದ್ದ. ಅಂದಿನಿಂದ ಎ.ಸಿ. ಗೊರಗುಟ್ಟುತ್ತಿತ್ತೇ ಹೊರತು ಒಳಗೆ ತಣ್ಣಗಾಗುತ್ತಿರಲಿಲ್ಲ. ಫಿಲ್ಟರ್ ತೊಳೆದ, ಕಿಟಕಿಯ ಸಂದಿಗಳಿಗೆ ಟೇಪು ಹಚ್ಚಿದ. ಊಹೂಂ. ಕೊನೆಗೆ ತಪ್ಪೆಲ್ಲ ಹೆಂಡತಿಯ ತಲೆಗೇ ಬಂತು.

"ಗಳಿಗೆಗೊಂದ್ಸಲ ಬಾಗಿಲು ತೆಗೀತೀಯಲ್ಲ, ತಂಪೆಲ್ಲ ಬೀದಿಪಾಲು! ಹೋದ್ರೆ ಹೊರಗೇ ಇರು!"

ಆಕೆ ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹಿಂದಿನ ಏಣಿ ಹತ್ತಿದಳು. ಬಟ್ಟೆ ಹರವಲು ಟಾರ್ಪಾಲಿನ ಅಂಚು ಎತ್ತಿದರೆ, ಅದರಡಿ ಉಸಿರುಗಟ್ಟಿ ಕೂತಿದ್ದ ಎ.ಸಿ. ಪೆಟ್ಟಿಗೆಯ ಬಿಸಿಗಾಳಿ ಮುಖಕ್ಕೆ ರಾಚಿತು. ಆ ಗಾಳಿ ಹೊರಹೋಗಲು ದಾರಿಯೇ ಇರಲಿಲ್ಲ! ಟಾರ್ಪಾಲನ್ನು ಪೂರ್ತಿ ಸರಿಸಿ, ಬಟ್ಟೆ ಹರವುತ್ತಾ ಗಂಡನ ಮೆಚ್ಚುಗೆಗೆ ಕಾದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಬಂತು: "ನೋಡಿದ್ಯಾ? ನೀನು ಹೊರಗೆ ಹೋಗಿದ್ದೇ ತಡ, ಹೆಂಗೆ ತಣ್ಣಗಾಯ್ತು! ನಾನು ಬಡ್ಕೊಂಡಿದ್ದೂ ಇದನ್ನೇ!"

ಆಕೆ ಬಟ್ಟೆಯನ್ನೆಲ್ಲ ಬಕೆಟ್ಟಿಗೆ ತುಂಬಿ, ಟಾರ್ಪಾಲನ್ನು ಮೊದಲಿನಂತೆಯೇ ಹೊದಿಸಿ, ಹಗ್ಗವನ್ನು ಇನ್ನೊಂದು ಸುತ್ತು ಬಿಗಿದು, ಇಳಿದು ಬಂದು ವ್ಯಾನಿನ ನೆರಳಲ್ಲಿ ಹಾಯಾಗಿ ಕೂತಳು.